ಚಲನೆಯೂ ಬಲವೂ: ಲೋಕಲ್ ಗಾಡಿ ಕಲಿಸುವ ಭೌತಶಾಸ್ತ್ರ

ಭೌತಶಾಸ್ತ್ರವೆಂಬ ಹೆಸರನ್ನು ಕೇಳಿದೊಡನೆಯೇ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರ ಮುಖ ಬಾಡುತ್ತದೆ. ಪಾಠವನ್ನು ಕೇಳುವಾಗ ಎಲ್ಲವೂ ತಿಳಿದಂತಿರುತ್ತದೆ. ಲೆಕ್ಕ ಮಾಡಲು ಕುಳಿತರೆ ಯಾವ ಸೂತ್ರವನ್ನು ಎಲ್ಲಿ ಹಾಕಬೇಕೆಂಬುದೇ ತೋಚುವುದಿಲ್ಲ ಎಂಬುದು ಅವರ ಅಳಲು. ಈ ಅಳಲು ಸುಳ್ಳಲ್ಲ. ಆದರೆ ಅದಕ್ಕೆ ಅವರು ಊಹಿಸಿಕೊಳ್ಳುವ ಕಾರಣ ಮಾತ್ರ ಸರಿಯಾದುದಲ್ಲ. ಗಣಿತದಲ್ಲಿ ತಾವು ಹಿಂದೆ ಬಿದ್ದಿರುವುದೇ ಕಾರಣವೆಂದು ಕೆಲವರೂ, ಕನ್ನಡದಲ್ಲಿ ಓದುತ್ತಿರುವುದೇ ಕಾರಣವೆಂದು ಇನ್ನು ಕೆಲವರೂ ನಂಬಿಕೊಂಡಿರುತ್ತಾರೆ. ಎಂಟನೆಯ, ಒಂಬತ್ತನೆಯ ತರಗತಿಗಳ ಭೌತಶಾಸ್ತ್ರಕ್ಕೆ ಬೇಕಾಗುವ ಗಣಿತವು ಗುಣಾಕಾರ, ಭಾಗಾಕಾರ ಮತ್ತು ಸಣ್ಣ ಸಮೀಕರಣಗಳನ್ನು ಮೀರಿ ಹೋಗುವುದು ಅಪರೂಪ. ಇನ್ನು ಭಾಷೆಯ ವಿಷಯಕ್ಕೆ ಬಂದರೆ, ಯಾವ ಭಾಷೆಯಲ್ಲಿ ಓದುವ ಮಕ್ಕಳೂ ಎಡವುವುದು ಒಂದೇ ಕಲ್ಲನ್ನು.

ಆ ಕಲ್ಲು ಯಾವುದು? ನಾವು ಭೌತಶಾಸ್ತ್ರದ ತರಗತಿಗೆ ಬರಿದಾದ ಮನಸ್ಸಿನಿಂದ ಬರುವುದಿಲ್ಲ. ಅಂಬೆಗಾಲಿಡುವ ದಿನಗಳಿಂದಲೇ ವಸ್ತುಗಳನ್ನು ನೂಕಿ, ಎಳೆದು, ಎಸೆದು, ಚಲನೆಯ ವಿಷಯದಲ್ಲಿ ಒಂದು ಅಭಿಪ್ರಾಯವನ್ನು ಕಟ್ಟಿಕೊಂಡಿರುತ್ತೇವೆ. “ವಸ್ತುವೊಂದು ಚಲಿಸುತ್ತಿದ್ದರೆ ಅದನ್ನು ಯಾವುದೋ ಬಲವು ನೂಕುತ್ತಲೇ ಇರಬೇಕು, ನೂಕುವುದು ನಿಂತರೆ ಚಲನೆಯೂ ನಿಲ್ಲಬೇಕು” ಎಂಬುದೇ ಆ ಅಭಿಪ್ರಾಯ. ಪುಸ್ತಕವು ಬೇರೊಂದನ್ನು ಹೇಳುತ್ತದೆ. ನಾವು ಪುಸ್ತಕದ ಮಾತನ್ನು ಬಾಯಿಪಾಠ ಮಾಡಿ, ಹಳೆಯ ಅಭಿಪ್ರಾಯವನ್ನೂ ಮನಸ್ಸಿನ ಮೂಲೆಯಲ್ಲಿ ಹಾಗೆಯೇ ಇಟ್ಟುಕೊಳ್ಳುತ್ತೇವೆ. ಪರೀಕ್ಷೆಯಲ್ಲಿ ಲೆಕ್ಕ ಎದುರಾದಾಗ ಮುಂದೆ ಬರುವುದು ಬಾಯಿಪಾಠದ ಮಾತಲ್ಲ, ಮೂಲೆಯಲ್ಲಿದ್ದ ಹಳೆಯ ಅಭಿಪ್ರಾಯ. ಈ ಒಂದು ತೊಡಕನ್ನು ಬಿಡಿಸಿಕೊಂಡರೆ ಚಲನೆಯ ಅಧ್ಯಾಯದ ಅರ್ಧಕ್ಕಿಂತ ಹೆಚ್ಚು ಕಷ್ಟವು ಕಳೆಯುವುದೆಂದು ನಾವು ತಿಳಿದಿದ್ದೇವೆ. ಅದಕ್ಕೆ ಬೇಕಾದ ಪ್ರಯೋಗಶಾಲೆಯೂ ದೂರದಲ್ಲಿಲ್ಲ. ಮುಂಬಯಿಯ ನಮ್ಮ ಮಕ್ಕಳು ದಿನವೂ ಕಾಣುವ ಲೋಕಲ್ ಗಾಡಿಯೇ ಅದು.

ಮೂರು ಶಬ್ದಗಳು

ಮೊದಲು ಮೂರು ಶಬ್ದಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ಒಂದು ಸೆಕೆಂಡಿನಲ್ಲಿ ಅಥವಾ ಒಂದು ಗಂಟೆಯಲ್ಲಿ ವಸ್ತುವು ಎಷ್ಟು ದೂರ ಸಾಗುತ್ತದೆಂಬುದು ಅದರ ಜವ. ಆ ಜವದೊಡನೆ ದಿಕ್ಕನ್ನೂ ಸೇರಿಸಿ ಹೇಳಿದರೆ ಅದು ವೇಗ. ವೇಗವು ಪ್ರತಿ ಸೆಕೆಂಡಿಗೆ ಎಷ್ಟು ಬದಲಾಗುತ್ತದೆಂಬುದು ವೇಗೋತ್ಕರ್ಷ. ಇದನ್ನೇ ಮರಾಠಿ, ಹಿಂದಿ ಪುಸ್ತಕಗಳಲ್ಲಿ ‘ತ್ವರಣ’ವೆಂದು ಕರೆಯುತ್ತಾರೆ, ನೆರೆಮನೆಯ ಗೆಳೆಯರೊಡನೆ ಕುಳಿತು ಓದುವಾಗ ಹೆಸರಿನ ಈ ವ್ಯತ್ಯಾಸದಿಂದ ಗಾಬರಿಗೊಳ್ಳಬೇಕಾಗಿಲ್ಲ.

ಬಳಕೆಯ ಮಾತಿನಲ್ಲಿ ಜವವನ್ನೂ ವೇಗವನ್ನೂ ನಾವು ಒಂದೇ ಎಂಬಂತೆ ಆಡುತ್ತೇವೆ. ಶಾಸ್ತ್ರದಲ್ಲಿ ಅವೆರಡು ಬೇರೆ. ಚರ್ಚ್‌ಗೇಟಿನಿಂದ ವಿರಾರಿಗೆ ಸುಮಾರು 60 ಕಿಲೋಮೀಟರು. ಒಂದು ಗಾಡಿಯು ಹೋಗುವಾಗ ಗಂಟೆಗೆ 30 ಕಿಲೋಮೀಟರಿನಂತೆಯೂ, ಮರಳುವಾಗ ಗಂಟೆಗೆ 60 ಕಿಲೋಮೀಟರಿನಂತೆಯೂ ಸಾಗಿತೆಂದು ಲೆಕ್ಕಕ್ಕಾಗಿ ಭಾವಿಸೋಣ. ಒಟ್ಟು ಪ್ರಯಾಣದ ಸರಾಸರಿ ಜವವೆಷ್ಟು? ಮೂವತ್ತನ್ನೂ ಅರವತ್ತನ್ನೂ ಕೂಡಿಸಿ ಎರಡರಿಂದ ಭಾಗಿಸಿ 45 ಎಂದು ಬರೆಯುವವರೇ ಹೆಚ್ಚು. ಆದರೆ ಹೋಗಲು ಹಿಡಿದುದು 2 ಗಂಟೆ, ಬರಲು ಹಿಡಿದುದು 1 ಗಂಟೆ. ಒಟ್ಟು 3 ಗಂಟೆಗಳಲ್ಲಿ ಸಾಗಿದ ದೂರ 120 ಕಿಲೋಮೀಟರು. ಆದುದರಿಂದ ಸರಾಸರಿ ಜವ ಗಂಟೆಗೆ 40 ಕಿಲೋಮೀಟರು. ನಿಧಾನವಾಗಿ ಸಾಗಿದ ಕಾಲವೇ ಹೆಚ್ಚಾಗಿದ್ದುದರಿಂದ ಸರಾಸರಿಯು ಆ ಕಡೆಗೆ ವಾಲಿತು. ಇನ್ನು ಸರಾಸರಿ ವೇಗವೆಷ್ಟು ಎಂದು ಕೇಳಿದರೆ ಉತ್ತರ ಸೊನ್ನೆ! ಏಕೆಂದರೆ ಗಾಡಿಯು ಹೊರಟ ಸ್ಥಳಕ್ಕೇ ಹಿಂದಿರುಗಿತು. ಅದರ ಸ್ಥಾನದಲ್ಲಿ ಕೊನೆಗೆ ಯಾವ ಬದಲಾವಣೆಯೂ ಇಲ್ಲ. ಶಬ್ದಾರ್ಥವನ್ನು ಗಟ್ಟಿಯಾಗಿ ಹಿಡಿಯದೆ ಲೆಕ್ಕಕ್ಕೆ ಕೈಹಾಕಬಾರದೆಂಬುದಕ್ಕೆ ಈ ಒಂದು ನಿದರ್ಶನವೇ ಸಾಕು.

ವೇಗದಲ್ಲಿ ದಿಕ್ಕೂ ಸೇರಿರುವುದರಿಂದ ಮತ್ತೊಂದು ಸಂಗತಿ ಹೊರಪಡುತ್ತದೆ. ಗಾಡಿಯು ತಿರುವಿನಲ್ಲಿ ಒಂದೇ ಜವದಿಂದ ಸಾಗುತ್ತಿದ್ದರೂ ಅದರ ದಿಕ್ಕು ಬದಲಾಗುತ್ತಿರುವುದರಿಂದ ವೇಗವು ಬದಲಾಗುತ್ತಿದೆ. ಎಂದರೆ ಅಲ್ಲಿ ವೇಗೋತ್ಕರ್ಷವಿದೆ. ಈ ಮಾತನ್ನು ನೆನಪಿನಲ್ಲಿಡಿರಿ, ಮುಂದೆ ಬೇಕಾಗುತ್ತದೆ.

ಎರಡು ಸಾವಿರ ವರ್ಷಗಳ ತಪ್ಪು

ಚಲನೆಗೆ ಸದಾ ನೂಕುಬಲ ಬೇಕೆಂದು ಭಾವಿಸುವ ವಿದ್ಯಾರ್ಥಿಯು ನಾಚಬೇಕಾದುದಿಲ್ಲ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿದ್ದ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನ ಮತವೂ ಹೆಚ್ಚುಕಡಿಮೆ ಅದೇ ಆಗಿತ್ತು. ಎಳೆಯುವ ಎತ್ತು ನಿಂತರೆ ಬಂಡಿಯೂ ನಿಲ್ಲುವುದನ್ನು ಕಾಣುವ ಯಾರಿಗಾದರೂ ಹಾಗೆಯೇ ತೋರುವುದು ಸಹಜ. ಬಹುಕಾಲ ಮಾನ್ಯವಾಗಿದ್ದ ಈ ಮತವನ್ನು ಅಲುಗಾಡಿಸಿದವರಲ್ಲಿ ಮುಖ್ಯನಾದವನು ಇಟಲಿಯ ಗೆಲಿಲಿಯೊ (1564–1642).

ಗೆಲಿಲಿಯೊ ಮಾಡಿದ ವಿಚಾರ ಬಹಳ ಸರಳ. ಎದುರುಬದುರಾಗಿ ಎರಡು ಇಳಿಜಾರು ಹಲಗೆಗಳಿವೆ ಎಂದು ಭಾವಿಸಿರಿ. ಒಂದರ ಮೇಲಿನಿಂದ ನುಣುಪಾದ ಗುಂಡೊಂದನ್ನು ಉರುಳಬಿಟ್ಟರೆ ಅದು ಇನ್ನೊಂದನ್ನು ಏರಿ ಹೆಚ್ಚುಕಡಿಮೆ ಹೊರಟಷ್ಟೇ ಎತ್ತರವನ್ನು ಮುಟ್ಟುತ್ತದೆ. ಎರಡನೆಯ ಹಲಗೆಯ ಏರನ್ನು ಕಡಮೆ ಮಾಡಿದರೆ ಅಷ್ಟೇ ಎತ್ತರವನ್ನು ಮುಟ್ಟಲು ಗುಂಡು ಇನ್ನೂ ಹೆಚ್ಚು ದೂರ ಉರುಳಬೇಕು. ಏರನ್ನು ಮತ್ತಷ್ಟು ಕಡಮೆ ಮಾಡಿದರೆ ಮತ್ತಷ್ಟು ದೂರ. ಹಲಗೆಯನ್ನು ಪೂರ್ಣವಾಗಿ ಸಮತಲ ಮಾಡಿಬಿಟ್ಟರೆ? ಆ ಎತ್ತರವನ್ನು ಗುಂಡು ಎಂದಿಗೂ ಮುಟ್ಟಲಾರದು. ಆದುದರಿಂದ, ತಡೆಯುವುದು ಏನೂ ಇಲ್ಲದಿದ್ದರೆ, ಅದು ಎಂದಿಗೂ ನಿಲ್ಲಲಾರದು.

ಹಾಗಾದರೆ ನಮ್ಮ ಅನುಭವದಲ್ಲಿ ಎಲ್ಲವೂ ನಿಲ್ಲುವುದೇಕೆ? ತಡೆಯುವ ಬಲವೊಂದು ಎಲ್ಲೆಡೆಯೂ ಇರುವುದರಿಂದ. ಅದೇ ಘರ್ಷಣೆ. ಕೇರಂ ಹಲಗೆಯ ಮೇಲೆ ಪುಡಿಯನ್ನು ಏಕೆ ಉದುರಿಸುತ್ತೀರಿ? ಪುಡಿಯಿಲ್ಲದ ಹಲಗೆಯಲ್ಲಿ ಬೇಗನೆ ನಿಲ್ಲುವ ಸ್ಟ್ರೈಕರ್, ಪುಡಿ ಹಾಕಿದ ಮೇಲೆ ಅಷ್ಟೇ ಬಲದಿಂದ ಹೊಡೆದರೂ ದೂರ ಜಾರುತ್ತದೆ. ನಿಮ್ಮ ಬೆರಳು ಅದನ್ನು ಮುಟ್ಟಿದ್ದು ಕ್ಷಣಮಾತ್ರ. ಆಮೇಲೆ ಅದನ್ನು ಮುಂದಕ್ಕೆ ನೂಕುವವರು ಯಾರೂ ಇಲ್ಲ. ಆದರೂ ಅದು ಸಾಗುತ್ತದೆ. ಅದನ್ನು ನಿಲ್ಲಿಸುವುದು ಬಲದ ಅಭಾವವಲ್ಲ, ಘರ್ಷಣೆಯೆಂಬ ಬಲದ ಇರುವಿಕೆ.

ಘರ್ಷಣೆಯಿಲ್ಲದ ಎಡೆಯಲ್ಲಿ ಏನಾಗುವುದೆಂಬುದಕ್ಕೆ ಈಗ ನಮಗೆ ಪ್ರತ್ಯಕ್ಷ ಸಾಕ್ಷಿಯೂ ಇದೆ. 1977ರಲ್ಲಿ ಅಮೆರಿಕದಿಂದ ಹಾರಿಬಿಟ್ಟ ವಾಯೇಜರ್ 1 ಎಂಬ ಆಕಾಶನೌಕೆಯು ಮುನ್ನೂಕುವ ಯಂತ್ರದ ನೆರವಿಲ್ಲದೆಯೇ, ಸೆಕೆಂಡಿಗೆ ಸುಮಾರು 17 ಕಿಲೋಮೀಟರಿನ ಜವದಿಂದ ಸೂರ್ಯನಿಂದ ದೂರ ದೂರ ಸಾಗುತ್ತಿದೆ. ಸೂರ್ಯನ ಆಕರ್ಷಣೆಯು ಅದನ್ನು ಅತ್ಯಲ್ಪವಾಗಿ ಹಿಂದಕ್ಕೆ ಸೆಳೆಯುತ್ತಿದ್ದರೂ ನೌಕೆಯ ಪಯಣ ನಿಂತಿಲ್ಲ.

ಇಂಗ್ಲೆಂಡಿನ ಐಸಾಕ್ ನ್ಯೂಟನ್ 1687ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದಲ್ಲಿ ಈ ವಿಚಾರವನ್ನು ಮೊದಲನೆಯ ನಿಯಮವಾಗಿ ನಿಲ್ಲಿಸಿದನು. ಹೊರಗಿನ ಬಲವು ಬದಲಾಯಿಸದ ಹೊರತು, ನಿಂತ ವಸ್ತುವು ನಿಂತೇ ಇರುತ್ತದೆ. ಚಲಿಸುವ ವಸ್ತುವು ಅದೇ ಜವದಿಂದ ಅದೇ ನೇರದಲ್ಲಿ ಚಲಿಸುತ್ತಲೇ ಇರುತ್ತದೆ. ಇದ್ದ ಸ್ಥಿತಿಯನ್ನು ಬಿಡದಿರುವ ಈ ಗುಣಕ್ಕೆ ಜಡತ್ವವೆಂದು ಹೆಸರು. ಒಟ್ಟಿನಲ್ಲಿ, ಬಲವು ಬೇಕಾಗುವುದು ಚಲನೆಗಲ್ಲ, ಚಲನೆಯ ಬದಲಾವಣೆಗೆ. ಈ ಲೇಖನದಲ್ಲಿ ಒಂದೇ ವಾಕ್ಯವನ್ನು ನೆನಪಿಡುವಿರಾದರೆ ಇದನ್ನೇ ನೆನಪಿಡಿರಿ.

ಗಾಡಿಯ ಒಳಗೆ

ಈಗ ಲೋಕಲ್ ಗಾಡಿಯನ್ನು ಹತ್ತೋಣ. ಗಾಡಿಯು ಹೊರಟೊಡನೆ ನಿಂತವರೆಲ್ಲರೂ ಹಿಂದಕ್ಕೆ ವಾಲುತ್ತಾರೆ. ಅವರನ್ನು ಹಿಂದಕ್ಕೆ ತಳ್ಳಿದವರು ಯಾರು? ಯಾರೂ ಇಲ್ಲ. ಗಾಡಿಯ ನೆಲವು ಪಾದಗಳನ್ನು ತನ್ನೊಡನೆ ಮುಂದಕ್ಕೆ ಒಯ್ದಿತು. ಮೈಯ ಮೇಲ್ಭಾಗವು ಜಡತ್ವದಿಂದ ಇದ್ದಲ್ಲಿಯೇ ಉಳಿಯಿತು. ಗಾಡಿಯು ಒಂದೇ ವೇಗದಿಂದ ಸಮನಾಗಿ ಸಾಗತೊಡಗಿದ ಮೇಲೆ ಯಾರೂ ವಾಲುವುದಿಲ್ಲ. ಕಣ್ಣು ಮುಚ್ಚಿ ನಿಂತರೆ ಗಾಡಿ ಸಾಗುತ್ತಿದೆಯೋ ನಿಂತಿದೆಯೋ ಎಂಬುದನ್ನು ಗಡಗಡ ಸದ್ದಿನಿಂದಲೂ ಅಲುಗಾಟದಿಂದಲೂ ಊಹಿಸಬೇಕೇ ಹೊರತು ವೇಗದಿಂದಲ್ಲ. ಗೆಲಿಲಿಯೊ 1632ರ ತನ್ನ ಗ್ರಂಥದಲ್ಲಿ ಇದೇ ಮಾತನ್ನು ಹಡಗಿನ ಕೋಣೆಯ ಉದಾಹರಣೆಯಿಂದ ವಿವರಿಸಿದ್ದಾನೆ. ಸಮನಾಗಿ ಸಾಗುವ ಹಡಗಿನ ಒಳಗೆ ತೊಟ್ಟಿಕ್ಕುವ ನೀರು ನೇರವಾಗಿ ಕೆಳಗೆ ಬೀಳುತ್ತದೆ; ಚಿಟ್ಟೆಗಳು ಎಲ್ಲ ಕಡೆಗೂ ಒಂದೇ ತೆರನಾಗಿ ಹಾರಾಡುತ್ತವೆ. ಮೈಗೆ ತಿಳಿಯುವುದು ವೇಗವಲ್ಲ, ವೇಗದ ಬದಲಾವಣೆ.

ನಿಲ್ದಾಣ ಸಮೀಪಿಸಿ ಮೋಟರ್‌ಮನ್ ಬ್ರೇಕು ಹಾಕಿದನೆಂದರೆ ಎಲ್ಲರೂ ಮುಂದಕ್ಕೆ ವಾಲುತ್ತಾರೆ. ಗಾಡಿಯು ನಿಧಾನವಾಯಿತು, ಪಾದಗಳೂ ನಿಧಾನವಾದವು. ಮೈಯ ಮೇಲ್ಭಾಗವು ಹಿಂದಿನ ವೇಗವನ್ನೇ ಉಳಿಸಿಕೊಂಡಿತು. ತಲೆಯ ಮೇಲಿನ ಹಿಡಿಕೆಯನ್ನು ಹಿಡಿದವನಿಗೆ ಅದು ಹಿಂದಕ್ಕೆ ಬೇಕಾದ ಬಲವನ್ನು ಕೊಡುತ್ತದೆ. ಹಿಡಿಯದವನಿಗೆ ಮುಂದೆ ನಿಂತವರ ಬೆನ್ನು ಕೊಡುತ್ತದೆ!

ನಗುವ ಮಾತು ಇಲ್ಲಿಗೆ ಮುಗಿಯಿತು. ಗಾಡಿಯು ನಿಲ್ಲುವ ಮೊದಲೇ ಪ್ಲಾಟ್‌ಫಾರಂ ಮೇಲೆ ಧುಮುಕುವ ಹುಡುಗರನ್ನು ನಾವೆಲ್ಲರೂ ಕಂಡಿದ್ದೇವೆ. ಅಲ್ಲಿ ನಡೆಯುವುದೂ ಇದೇ ನಿಯಮ. ನೆಲವನ್ನು ಮುಟ್ಟಿದ ಪಾದವು ನಿಲ್ಲುತ್ತದೆ. ಮೈಯು ಗಾಡಿಯ ವೇಗದಲ್ಲಿಯೇ ಮುಂದಕ್ಕೆ ಧಾವಿಸುತ್ತದೆ. ಆ ವೇಗ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡೋಣ. ಎತ್ತರದಿಂದ ಬೀಳುವ ವಸ್ತುವು ನೆಲ ಮುಟ್ಟುವಾಗಿನ ವೇಗದ ವರ್ಗವು ಗುರುತ್ವದ ವೇಗೋತ್ಕರ್ಷ ಮತ್ತು ಎತ್ತರ ಇವುಗಳ ಗುಣಲಬ್ಧದ ಎರಡರಷ್ಟು. ಗುರುತ್ವದ ವೇಗೋತ್ಕರ್ಷವು ಸೆಕೆಂಡಿಗೆ 9.8 ಮೀಟರು ಪ್ರತಿ ಸೆಕೆಂಡು. ಸೌಕರ್ಯಕ್ಕಾಗಿ 10 ಎಂದು ಹಿಡಿಯೋಣ. ಗಾಡಿಯು ಗಂಟೆಗೆ 18 ಕಿಲೋಮೀಟರಿನ ವೇಗದಲ್ಲಿದ್ದರೆ ಅದು ಸೆಕೆಂಡಿಗೆ 5 ಮೀಟರು. ಐದರ ವರ್ಗ 25. ಅದನ್ನು 20ರಿಂದ ಭಾಗಿಸಿದರೆ 1.25 ಮೀಟರು. ಅಂದರೆ ಒಂದೂಕಾಲು ಮೀಟರು ಎತ್ತರದಿಂದ ಬಿದ್ದವನಿಗೆ ಇರುವಷ್ಟೇ ವೇಗ. ಗಾಡಿಯು 36 ಕಿಲೋಮೀಟರಿನ ವೇಗದಲ್ಲಿದ್ದರೆ ಸೆಕೆಂಡಿಗೆ 10 ಮೀಟರು, ವರ್ಗ 100, ಎತ್ತರ 5 ಮೀಟರು. ವೇಗವು ಇಮ್ಮಡಿಯಾಯಿತು, ಬೀಳುವ ಎತ್ತರವು ನಾಲ್ಮಡಿಯಾಯಿತು. ಮನೆಯ ಮಾಳಿಗೆಯಿಂದ ಧುಮುಕಲು ಒಪ್ಪದ ಹುಡುಗನು, ಅಷ್ಟೇ ವೇಗದ ಗಾಡಿಯಿಂದ ಧುಮುಕುವುದನ್ನು ಮಾತ್ರ ಧೈರ್ಯವೆಂದು ಭಾವಿಸುತ್ತಾನೆ.

ಬಾಗಿಲಲ್ಲಿ ತೂಗಾಡುವವರ ವಿಷಯವನ್ನೂ ಹೇಳಬೇಕು. ತಿರುವಿನಲ್ಲಿ ವೇಗದ ದಿಕ್ಕು ಬದಲಾಗುತ್ತದೆಂದು ಮೊದಲೇ ಕಂಡಿದ್ದೇವೆ. ಬದಲಾವಣೆಗೆ ಬಲ ಬೇಕು. ಗಾಡಿಗೆ ಆ ಬಲವನ್ನು ಹಳಿಗಳು ಕೊಡುತ್ತವೆ. ಒಳಗೆ ಕುಳಿತವನಿಗೆ ಆಸನವೂ ಗೋಡೆಯೂ ಕೊಡುತ್ತವೆ. ಬಾಗಿಲಲ್ಲಿ ಹೊರಚಾಚಿ ನಿಂತವನಿಗೆ ಮುಖ್ಯವಾಗಿ ಅವನ ಕೈಹಿಡಿತವೇ ಕೊಡಬೇಕು. ಬೆವರಿನಿಂದಲೋ ಮಳೆಯಿಂದಲೋ ಒದ್ದೆಯಾದ ಕೈ ಜಾರಿತೆಂದರೆ ಅವನ ಮೈಯು ನ್ಯೂಟನ್ನನ ಮೊದಲನೆಯ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತದೆ; ಗಾಡಿ ತಿರುಗುತ್ತದೆ, ಅವನು ನೇರವಾಗಿ ಹೋಗುತ್ತಾನೆ.

ಎರಡು ಪರೀಕ್ಷಾ ಪ್ರಶ್ನೆಗಳು

ನಮ್ಮ ಮಾತು ನಿಮಗೆ ನಿಜವಾಗಿ ತಿಳಿದಿದೆಯೇ ಎಂಬುದನ್ನು ಎರಡು ಪ್ರಶ್ನೆಗಳಿಂದ ಪರೀಕ್ಷಿಸಿಕೊಳ್ಳಿರಿ.

ಮೊದಲನೆಯದು: ಮೈದಾನದಲ್ಲಿ ಚೆಂಡೊಂದನ್ನು ನೇರವಾಗಿ ಮೇಲಕ್ಕೆ ಎಸೆದಿರಿ. ಅದು ಮೇಲಕ್ಕೆ ಹೋಗುತ್ತಿರುವಾಗ ಅದರ ಮೇಲೆ ಯಾವ ಬಲವಿದೆ? ಎಸೆದ ಕೈಯ ಬಲವು ಇನ್ನೂ ಚೆಂಡಿನಲ್ಲಿ ಉಳಿದಿದೆ ಎಂದು ಹಲವರು ಹೇಳುತ್ತಾರೆ. ಇದೇ ಆ ಹಳೆಯ ಅಭಿಪ್ರಾಯ. ಚೆಂಡು ಕೈಯನ್ನು ಬಿಟ್ಟ ಕ್ಷಣದಲ್ಲಿಯೇ ಕೈಯ ಬಲವು ಮುಗಿಯಿತು. ಗಾಳಿಯ ಅಲ್ಪ ತಡೆಯನ್ನು ಬಿಟ್ಟರೆ ಆಮೇಲೆ ಇರುವುದು ಕೆಳಮುಖವಾದ ಗುರುತ್ವಬಲ ಒಂದೇ. ಅದು ಮೇಲ್ಮುಖವಾದ ವೇಗವನ್ನು ಪ್ರತಿ ಸೆಕೆಂಡಿಗೆ ಸುಮಾರು 10 ಮೀಟರಿನಂತೆ ಕಡಮೆ ಮಾಡುತ್ತ ಬರುತ್ತದೆ. ಸೆಕೆಂಡಿಗೆ 20 ಮೀಟರಿನ ವೇಗದಿಂದ ಎಸೆದ ಚೆಂಡಿನ ವೇಗವು ಒಂದು ಸೆಕೆಂಡಾದ ಮೇಲೆ 10 ಮೀಟರು, ಎರಡು ಸೆಕೆಂಡಾದ ಮೇಲೆ ಸೊನ್ನೆ. ತುತ್ತತುದಿಯಲ್ಲಿ ವೇಗವು ಸೊನ್ನೆಯಾದಾಗ ವೇಗೋತ್ಕರ್ಷವೂ ಸೊನ್ನೆಯೇ? ಅಲ್ಲ. ಅಲ್ಲಿಯೂ ಗುರುತ್ವವು ಅಷ್ಟೇ ಇದೆ. ಅಲ್ಲಿ ವೇಗೋತ್ಕರ್ಷವು ಸೊನ್ನೆಯಾಗಿದ್ದರೆ ಚೆಂಡು ಆಕಾಶದಲ್ಲಿಯೇ ನಿಂತುಬಿಡಬೇಕಾಗಿತ್ತು!

ಎರಡನೆಯದು: ಎತ್ತರದ ಕಟ್ಟಡವೊಂದರ ಲಿಫ್ಟಿನಲ್ಲಿ ತೂಕದ ಯಂತ್ರದ ಮೇಲೆ ನಿಂತಿದ್ದೀರಿ. ಲಿಫ್ಟು ಸಮನಾದ ವೇಗದಿಂದ ಮೇಲಕ್ಕೆ ಹೋಗುತ್ತಿದೆ. ಯಂತ್ರವು ನಿಮ್ಮನ್ನು ಮೇಲಕ್ಕೆ ಒತ್ತುವ ಬಲವು ನಿಮ್ಮ ತೂಕಕ್ಕಿಂತ ಹೆಚ್ಚೋ ಸಮವೋ? ಮೇಲಕ್ಕೆ ಹೋಗುತ್ತಿರುವುದರಿಂದ ಹೆಚ್ಚೇ ಇರಬೇಕೆಂದು ತೋರುತ್ತದೆ. ಆದರೆ ವೇಗ ಬದಲಾಗುತ್ತಿಲ್ಲ. ಆದುದರಿಂದ ಎರಡೂ ಬಲಗಳು ಸರಿಸಮವಾಗಿರಬೇಕು. ಲಿಫ್ಟು ಹೊರಡುವ ಕ್ಷಣದಲ್ಲಿ ಮಾತ್ರ, ವೇಗವು ಸೊನ್ನೆಯಿಂದ ಏರುವಾಗ, ಒತ್ತುವ ಬಲವು ಹೆಚ್ಚಾಗಿರುತ್ತದೆ. ಮೇಲೆ ನಿಲ್ಲುವ ಮುನ್ನ, ವೇಗವು ಇಳಿಯುವಾಗ, ಕಡಮೆಯಾಗುತ್ತದೆ. ಹೊರಡುವಾಗ ಮೈ ಭಾರವಾದಂತೆಯೂ ನಿಲ್ಲುವಾಗ ಹಗುರಾದಂತೆಯೂ ತೋರುವುದು ಇದರಿಂದಲೇ.

ಬಲದ ಅಳತೆ

ಬದಲಾವಣೆಗೆ ಬಲ ಬೇಕೆಂದಾಯಿತು. ಎಷ್ಟು ಬಲ ಬೇಕು? ನ್ಯೂಟನ್ನನ ಎರಡನೆಯ ನಿಯಮವು ಇದಕ್ಕೆ ಉತ್ತರ. ಬಲವು ವಸ್ತುವಿನ ರಾಶಿ ಮತ್ತು ವೇಗೋತ್ಕರ್ಷ ಇವುಗಳ ಗುಣಲಬ್ಧಕ್ಕೆ ಸಮ. ರಾಶಿಯನ್ನು ಕಿಲೋಗ್ರಾಮಿನಲ್ಲಿ ಹಿಡಿದರೆ ಬಲವು ನ್ಯೂಟನ್ ಎಂಬ ಮಾನದಲ್ಲಿ ಬರುತ್ತದೆ. ಇಲ್ಲಿ ಬಲವೆಂದರೆ ಯಾವುದೋ ಒಂದು ಬಲವಲ್ಲ. ವಸ್ತುವಿನ ಮೇಲಿರುವ ಎಲ್ಲ ಬಲಗಳನ್ನೂ ದಿಕ್ಕನ್ನು ಗಮನಿಸಿ ಕೂಡಿಸಿದಾಗ ಬರುವ ಒಟ್ಟು ಬಲ. ಇದನ್ನು ಮರೆಯುವುದರಿಂದ ತಪ್ಪುವ ಲೆಕ್ಕಗಳು ಬಹಳ.

ಮೇಲಿನ ಲಿಫ್ಟಿನಲ್ಲಿ 50 ಕಿಲೋಗ್ರಾಂ ರಾಶಿಯ ಹುಡುಗನಿದ್ದಾನೆನ್ನಿ. ಅವನ ತೂಕ 50 × 10, ಅಂದರೆ 500 ನ್ಯೂಟನ್. ಲಿಫ್ಟು ಹೊರಡುವಾಗ ಅದರ ವೇಗೋತ್ಕರ್ಷವು ಮೇಲ್ಮುಖವಾಗಿ 1 ಆಗಿದ್ದರೆ ಅವನ ಮೇಲಿನ ಒಟ್ಟು ಬಲ 50 × 1, ಅಂದರೆ 50 ನ್ಯೂಟನ್ ಮೇಲ್ಮುಖವಾಗಿರಬೇಕು. ತೂಕವು 500 ನ್ಯೂಟನ್ ಕೆಳಮುಖವಾಗಿರುವುದರಿಂದ ಯಂತ್ರವು 550 ನ್ಯೂಟನ್ ಮೇಲಕ್ಕೆ ಒತ್ತಬೇಕು. ಆ ಕ್ಷಣದಲ್ಲಿ ಯಂತ್ರದ ಮುಳ್ಳು 55 ಕಿಲೋಗ್ರಾಮನ್ನು ತೋರಿಸುತ್ತದೆ. ಹುಡುಗನು ಒಂದು ಗುಕ್ಕೂ ಹೆಚ್ಚಾಗಿ ಉಂಡಿಲ್ಲ!

ರಾಶಿಯೂ ತೂಕವೂ ಬೇರೆ ಎಂಬುದು ಇದರಿಂದ ತಿಳಿಯಿತಷ್ಟೆ. ರಾಶಿಯೆಂಬುದು ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣ, ಅದರ ಜಡತ್ವದ ಅಳತೆ. ತೂಕವೆಂಬುದು ಅದನ್ನು ಗುರುತ್ವವು ಸೆಳೆಯುವ ಬಲ. ಚಂದ್ರನ ಮೇಲೆ ಗುರುತ್ವವು ಇಲ್ಲಿನ ಸುಮಾರು ಆರರಲ್ಲಿ ಒಂದು ಪಾಲು. ಕಿರಾಣಿ ಅಂಗಡಿಯಲ್ಲಿ ಕೊಂಡ 6 ಕಿಲೋ ಅಕ್ಕಿಯನ್ನು ಅಲ್ಲಿಗೆ ಒಯ್ದರೆ ಅದರ ರಾಶಿ 6 ಕಿಲೋ ಆಗಿಯೇ ಉಳಿಯುತ್ತದೆ. ಸ್ಪ್ರಿಂಗ್ ತಕ್ಕಡಿಯು ಮಾತ್ರ ಸುಮಾರು 1 ಕಿಲೋ ಎಂದು ತೋರಿಸುತ್ತದೆ. ಎರಡು ತಟ್ಟೆಗಳ ತಕ್ಕಡಿಯಲ್ಲಿ ತೂಗಿದರೆ ಅಲ್ಲಿಯೂ 6 ಕಿಲೋ ಬರುತ್ತದೆ, ಏಕೆಂದರೆ ಅಕ್ಕಿಯೂ ತೂಕದ ಕಲ್ಲೂ ಒಂದೇ ಪ್ರಮಾಣದಲ್ಲಿ ಹಗುರಾಗುತ್ತವೆ. ಭಾರವಾದ ವಸ್ತು ಬೇಗ ಬೀಳುತ್ತದೆಂಬ ಭ್ರಾಂತಿಯೂ ಅಲ್ಲಿ ನಿಲ್ಲಲಾರದು. 1971ರಲ್ಲಿ ಅಪೊಲೊ 15ರ ಯಾತ್ರಿಕ ಡೇವಿಡ್ ಸ್ಕಾಟ್ ಗಾಳಿಯಿಲ್ಲದ ಚಂದ್ರನ ಮೇಲೆ ನಿಂತು ಒಂದು ಸುತ್ತಿಗೆಯನ್ನೂ ಒಂದು ಹಕ್ಕಿಯ ಗರಿಯನ್ನೂ ಏಕಕಾಲಕ್ಕೆ ಕೈಬಿಟ್ಟನು. ಎರಡೂ ಒಟ್ಟಿಗೆ ನೆಲ ಮುಟ್ಟಿದವು. ಸುತ್ತಿಗೆಯನ್ನು ಸೆಳೆಯುವ ಬಲ ಹೆಚ್ಚು, ನಿಜ. ಆದರೆ ಅದರ ಜಡತ್ವವೂ ಅಷ್ಟೇ ಪ್ರಮಾಣದಲ್ಲಿ ಹೆಚ್ಚು.

ಕೈಗಾಡಿಯ ಒಗಟು

ಮೂರನೆಯ ನಿಯಮವು ಹೇಳುವುದಕ್ಕೆ ಸುಲಭ, ತಪ್ಪು ತಿಳಿಯುವುದಕ್ಕೂ ಸುಲಭ. ಪ್ರತಿಯೊಂದು ಕ್ರಿಯೆಗೂ ಅಷ್ಟೇ ಪರಿಮಾಣದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆಯಿದೆ. ನಗರದ ರಸ್ತೆಯಲ್ಲಿ ಹಮಾಲನೊಬ್ಬನು ಕೈಗಾಡಿಯನ್ನು ಮುಂದಕ್ಕೆ ನೂಕುತ್ತಾನೆ. ಕೈಗಾಡಿಯೂ ಅವನನ್ನು ಅಷ್ಟೇ ಬಲದಿಂದ ಹಿಂದಕ್ಕೆ ನೂಕುತ್ತದೆ. ಎರಡೂ ಸಮವಾದ ಮೇಲೆ ಒಂದನ್ನೊಂದು ಅಳಿಸಿಬಿಡಬೇಕಲ್ಲವೇ? ಗಾಡಿಯು ಚಲಿಸುವುದಾದರೂ ಹೇಗೆ?

ಉತ್ತರವಿಷ್ಟೆ: ಆ ಎರಡು ಬಲಗಳು ಒಂದೇ ವಸ್ತುವಿನ ಮೇಲೆ ಇಲ್ಲ. ಒಂದು ಗಾಡಿಯ ಮೇಲೆ, ಇನ್ನೊಂದು ಹಮಾಲನ ಮೇಲೆ. ನಿಮ್ಮ ಜೇಬಿನ ಲಾಭವು ನೆರೆಯವನ ಜೇಬಿನ ನಷ್ಟದಿಂದ ಅಳಿಸಿಹೋಗುವುದಿಲ್ಲ. ಗಾಡಿಯ ಮಟ್ಟಿಗೆ ನೋಡಿದರೆ, ಹಮಾಲನು ನೂಕುವ ಬಲವು ಗಾಲಿಗಳ ಘರ್ಷಣೆಯ ತಡೆಗಿಂತ ಹೆಚ್ಚಾದಾಗ ಅದರ ವೇಗ ಏರುತ್ತದೆ. ಸಮವಾದಾಗ ಒಂದೇ ವೇಗದಿಂದ ಸಾಗುತ್ತದೆ. ಹಮಾಲನ ಮಟ್ಟಿಗೆ ನೋಡಿದರೆ, ಅವನು ಪಾದಗಳಿಂದ ರಸ್ತೆಯನ್ನು ಹಿಂದಕ್ಕೆ ಒತ್ತುತ್ತಾನೆ. ರಸ್ತೆಯು ಅವನನ್ನು ಮುಂದಕ್ಕೆ ಒತ್ತುತ್ತದೆ. ಮಳೆಗಾಲದ ಕೆಸರಿನಲ್ಲಿ ರಸ್ತೆಯು ಹಾಗೆ ಒತ್ತಲಾರದು. ಎಷ್ಟು ಬಲಶಾಲಿಯಾದರೂ ಅವನ ಕಾಲು ಜಾರುತ್ತದೆ.

ಲೆಕ್ಕ ಮಾಡುವ ಕ್ರಮ

ಇನ್ನು ಲೆಕ್ಕದ ಕ್ರಮವನ್ನು ಹೇಳೋಣ. ಸೂತ್ರವನ್ನು ಹುಡುಕುವುದರಿಂದ ಪ್ರಾರಂಭಿಸಬೇಡಿರಿ. ಮೊದಲು ಚಿತ್ರವೊಂದನ್ನು ಬರೆಯಿರಿ. ಚಂದವಾಗಿರಬೇಕಾದುದಿಲ್ಲ, ಒಂದು ಚೌಕವಾದರೂ ಸಾಕು. ಎರಡನೆಯದಾಗಿ, ನಾವು ವಿಚಾರಿಸುತ್ತಿರುವ ವಸ್ತು ಯಾವುದೆಂದು ನಿಶ್ಚಯಿಸಿರಿ. ಗಾಡಿಯೋ, ಹಮಾಲನೋ, ಎರಡೂ ಸೇರಿಯೋ. ಮೂರನೆಯದಾಗಿ, ಆ ವಸ್ತುವಿನ ಮೇಲೆ ಇತರ ವಸ್ತುಗಳು ಪ್ರಯೋಗಿಸುವ ಬಲಗಳನ್ನು ಬಾಣಗಳಿಂದ ಗುರುತಿಸಿರಿ. ಪ್ರತಿ ಬಾಣಕ್ಕೂ “ಇದನ್ನು ಪ್ರಯೋಗಿಸುವವರು ಯಾರು?” ಎಂದು ಕೇಳಿರಿ, ಉತ್ತರವಿಲ್ಲದ ಬಾಣವನ್ನು ಅಳಿಸಿಬಿಡಿರಿ. ನಾಲ್ಕನೆಯದಾಗಿ, ಎಲ್ಲ ಅಳತೆಗಳನ್ನೂ ಮೀಟರು, ಕಿಲೋಗ್ರಾಂ, ಸೆಕೆಂಡುಗಳಿಗೆ ತನ್ನಿರಿ. ಗಂಟೆಗೆ ಇಷ್ಟು ಕಿಲೋಮೀಟರು ಎಂಬುದನ್ನು 3.6ರಿಂದ ಭಾಗಿಸಿದರೆ ಸೆಕೆಂಡಿಗೆ ಇಷ್ಟು ಮೀಟರು ಎಂದಾಗುತ್ತದೆ. ಆಮೇಲೆಯೇ ಸೂತ್ರ. ಕಡೆಯದಾಗಿ, ಬಂದ ಉತ್ತರವು ಲೋಕದಲ್ಲಿ ನಡೆಯುವಂತಹುದೇ ಎಂದು ನೋಡಿರಿ. ಓಡುವ ಹುಡುಗನ ವೇಗವು ಸೆಕೆಂಡಿಗೆ 50 ಮೀಟರು ಎಂದು ಬಂದಿದ್ದರೆ ತಪ್ಪು ಹುಡುಗನದಲ್ಲ.

ಈ ಕ್ರಮದಿಂದ ಒಂದು ಲೆಕ್ಕವನ್ನು ಮಾಡೋಣ. ಗಂಟೆಗೆ 72 ಕಿಲೋಮೀಟರಿನ ವೇಗದಲ್ಲಿರುವ ಗಾಡಿಯೊಂದರ ಮುಂದೆ 200 ಮೀಟರು ದೂರದಲ್ಲಿ ಯಾರೋ ಹಳಿ ದಾಟುತ್ತಿರುವುದನ್ನು ಮೋಟರ್‌ಮನ್ ಕಾಣುತ್ತಾನೆ. ಬ್ರೇಕು ಹಾಕಿದಾಗ ಗಾಡಿಯ ವೇಗವು ಪ್ರತಿ ಸೆಕೆಂಡಿಗೆ 1 ಮೀಟರಿನಂತೆ ಇಳಿಯುತ್ತದೆನ್ನೋಣ. ಗಾಡಿಯು ಅವನನ್ನು ಮುಟ್ಟುವ ಮೊದಲು ನಿಂತೀತೇ?

ನಮ್ಮ ವಸ್ತು ಗಾಡಿ. ಅದನ್ನು ತಡೆಯುವ ಬಲ ಮುಖ್ಯವಾಗಿ ಹಳಿಯಿಂದ ಚಕ್ರಕ್ಕೆ ಬರುವ ಘರ್ಷಣೆ. ವೇಗ 72ನ್ನು 3.6ರಿಂದ ಭಾಗಿಸಿದರೆ ಸೆಕೆಂಡಿಗೆ 20 ಮೀಟರು. ಸೆಕೆಂಡಿಗೆ 1ರಂತೆ ಇಳಿದರೆ ಸೊನ್ನೆಯಾಗಲು 20 ಸೆಕೆಂಡು ಬೇಕು. ಆ ಅವಧಿಯ ಸರಾಸರಿ ವೇಗ 10 ಮೀಟರು. ಆದುದರಿಂದ ಸಾಗುವ ದೂರ 10 × 20, ಅಂದರೆ 200 ಮೀಟರು. ಕೂದಲೆಳೆಯಲ್ಲಿ ಉಳಿದನೆಂದು ನೀವು ನಿಟ್ಟುಸಿರು ಬಿಡಬಹುದು. ತಾಳಿರಿ. ಕಣ್ಣು ಕಂಡದ್ದನ್ನು ಕೈಯು ನಡೆಸಲು ಒಂದು ಸೆಕೆಂಡಾದರೂ ಬೇಕಷ್ಟೆ? ಆ ಒಂದು ಸೆಕೆಂಡಿನಲ್ಲಿ ಗಾಡಿಯು 20 ಮೀಟರು ಸಾಗಿಬಿಟ್ಟಿರುತ್ತದೆ. ಬ್ರೇಕಿಗೆ ಉಳಿದುದು 180 ಮೀಟರು. ವೇಗದ ವರ್ಗವು 400. ಅದರಿಂದ 2 × 1 × 180, ಅಂದರೆ 360ನ್ನು ಕಳೆದರೆ 40. ಅದರ ವರ್ಗಮೂಲ ಸುಮಾರು 6.3. ಹಳಿ ದಾಟುವವನು ಅಲ್ಲಿಯೇ ಇದ್ದರೆ, ಗಾಡಿಯು ಅವನನ್ನು ಮುಟ್ಟುವಾಗ ಇನ್ನೂ ಸೆಕೆಂಡಿಗೆ 6.3 ಮೀಟರಿನ, ಅಂದರೆ ಗಂಟೆಗೆ ಸುಮಾರು 23 ಕಿಲೋಮೀಟರಿನ ವೇಗದಲ್ಲಿರುತ್ತದೆ.

ಇನ್ನೂ ಬಲವಾಗಿ ಬ್ರೇಕು ಹಾಕಬಾರದೇ ಎಂದು ಕೇಳಬಹುದು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ. ಅಲ್ಲಿ ದೊರೆಯುವ ಘರ್ಷಣೆಯು ರಸ್ತೆಯ ಮೇಲಿನ ರಬ್ಬರು ಚಕ್ರಕ್ಕೆ ದೊರೆಯುವುದಕ್ಕಿಂತ ಬಹಳ ಕಡಮೆ. ಹಳಿಯು ಒದ್ದೆಯಾಗಿದ್ದರೆ ಇನ್ನೂ ಕಡಮೆ. ಮೇಲಾಗಿ ಗಾಡಿಯು ಥಟ್ಟನೆ ನಿಂತರೆ ಒಳಗೆ ನಿಂತ ನೂರಾರು ಜನರ ಗತಿಯೇನೆಂಬುದನ್ನು ಜಡತ್ವದ ನಿಯಮವೇ ಹೇಳುತ್ತದೆ. ಗಾಡಿಯನ್ನು ಕಂಡ ಮೇಲೂ “ಇನ್ನೂ ದೂರವಿದೆ” ಎಂದು ಹಳಿಗೆ ಇಳಿಯುವವನು ಮೋಟರ್‌ಮನ್ನನ ದಯೆಯನ್ನು ನಂಬಿರುತ್ತಾನೆ. ದಯೆಯು ಮೋಟರ್‌ಮನ್ನನಲ್ಲಿ ಧಾರಾಳವಾಗಿಯೇ ಇರುತ್ತದೆ; ಜಡತ್ವಕ್ಕೆ ಮಾತ್ರ ದಯೆಯೆಂಬುದು ಗೊತ್ತಿಲ್ಲ. ಮೇಲುಸೇತುವೆಯ ಮೆಟ್ಟಿಲುಗಳನ್ನು ಹತ್ತಲು ಬೇಕಾಗುವ ಎರಡು ಮೂರು ನಿಮಿಷಗಳನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿರಿ.

ವಿದ್ಯಾರ್ಥಿ ಮಿತ್ರರೇ, ಭೌತಶಾಸ್ತ್ರವನ್ನು ಪರೀಕ್ಷೆಗೆ ಮಾತ್ರ ಮೀಸಲಾಗಿಡಬೇಡಿರಿ. ನಾಳೆ ಗಾಡಿಯಲ್ಲಿ ಹೋಗುವಾಗ ಯಾವ ಕ್ಷಣದಲ್ಲಿ ಯಾವ ಕಡೆಗೆ ವಾಲಿದಿರೆಂಬುದನ್ನು ಗಮನಿಸಿರಿ. ಆಗ ವೇಗವು ಏರುತ್ತಿತ್ತೋ, ಇಳಿಯುತ್ತಿತ್ತೋ, ದಿಕ್ಕು ಬದಲಾಗುತ್ತಿತ್ತೋ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ನಿಮ್ಮ ಅಭ್ಯಾಸಕ್ಕಾಗಿ ಮೂರು ಪ್ರಶ್ನೆಗಳನ್ನು ಕೊಟ್ಟು ಈ ಲೇಖನವನ್ನು ಮುಗಿಸುತ್ತೇವೆ.

ಒಂದು: ಮೇಲಿನ ಗಾಡಿಯು ಗಂಟೆಗೆ 36 ಕಿಲೋಮೀಟರಿನ ವೇಗದಲ್ಲಿದ್ದಿದ್ದರೆ, ಬ್ರೇಕು ಹಾಕಿದ ಮೇಲೆ ಎಷ್ಟು ದೂರದಲ್ಲಿ ನಿಲ್ಲುತ್ತಿತ್ತು? ಉತ್ತರವು 100 ಮೀಟರಲ್ಲ, ಏಕೆಂಬುದನ್ನು ವಿಚಾರಿಸಿರಿ.

ಎರಡು: ಸಮನಾದ ವೇಗದಿಂದ ಸಾಗುವ ಗಾಡಿಯೊಳಗೆ ನಿಂತು ಒಂದು ನಾಣ್ಯವನ್ನು ನೇರವಾಗಿ ಮೇಲಕ್ಕೆ ಚಿಮ್ಮಿದರೆ ಅದು ನಿಮ್ಮ ಕೈಗೇ ಬೀಳುವುದೋ, ಹಿಂದೆ ನಿಂತವನ ಕೈಗೆ ಬೀಳುವುದೋ? ನಾಣ್ಯವು ಮೇಲಿರುವಾಗಲೇ ಮೋಟರ್‌ಮನ್ ಬ್ರೇಕು ಹಾಕಿದರೆ ಏನಾಗುವುದು?

ಮೂರು: ಲಿಫ್ಟು ಸಮನಾದ ವೇಗದಿಂದ ಕೆಳಕ್ಕೆ ಇಳಿಯುತ್ತಿರುವಾಗ 50 ಕಿಲೋಗ್ರಾಂ ರಾಶಿಯ ಹುಡುಗನಿಗೆ ತೂಕದ ಯಂತ್ರವು ಏನನ್ನು ತೋರಿಸುವುದು?

ಉತ್ತರಗಳನ್ನು ಯಾರನ್ನೂ ಕೇಳುವ ಮೊದಲು ಕಾಗದದ ಮೇಲೆ ಒಂದು ಚೌಕವನ್ನು ಬರೆದು, ಬಾಣಗಳನ್ನು ಗುರುತಿಸಿ ನೋಡಿರಿ.